ಹದಿನೇಳು ವರ್ಷದ ಕೌದಿಗೆ ಪೋಷಕರ ಒಪ್ಪಿಗೆ

೧

ನೋಟಿಸಿನಿಂದ ಶುರು ಮಾಡಲೋ ಕೌದಿಯಿಂದ ಶುರು ಮಾಡಲೋ ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ನೋಟಿಸಿನಿಂದ ಶುರು ಮಾಡಿದರೆ ನೀವು ಇದ್ಯಾವುದೋ ಸರ್ಕಾರಿ ಪ್ರಕಟಣೆ ಎಂದುಕೊಂಡು ಪುಟ ತಿರುವುತ್ತೀರಿ. ಕೌದಿಯಿಂದ ಶುರು ಮಾಡಿದರೆ ಅಜ್ಜಿ, ಸೂಜಿ, ಹಳೆಯ ನೆನಪು ಎಂದು ಮೊದಲ ಸಾಲಿಗೇ ಕರವಸ್ತ್ರ ತೆಗೆಯುತ್ತೀರಿ. ನನಗೆ ಎರಡೂ ಬೇಡ. ಮಧ್ಯಾಹ್ನ ಮೂರು ಗಂಟೆಯಿಂದ ಶುರು ಮಾಡುತ್ತೇನೆ.

(ಮೂರು ಗಂಟೆಗೆ ನಮ್ಮ ಹರಪನಹಳ್ಳಿಯಲ್ಲಿ ಪೂರ್ತಿ ಎಚ್ಚರವಾಗಿರುವವರು ಕಡಿಮೆ. ಮೆಕ್ಕೆಜೋಳದ ಚೀಲಗಳ ಮೇಲೆ ಹಮಾಲರು, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕಂಡಕ್ಟರು, ಬೆತ್ತದ ಕುರ್ಚಿಯ ಮೇಲೆ ನಾನು, ಎಲ್ಲರೂ ಅರ್ಧ ನಿದ್ದೆಯಲ್ಲಿರುತ್ತೇವೆ. ಈ ಕಥೆಯ ಸ್ವಲ್ಪ ಭಾಗ ಆ ನಿದ್ದೆಯ ಕಡೆಯಿಂದ ಬಂದದ್ದು. ಅದು ಬಂದಾಗ ಹೇಳುತ್ತೇನೆ.)

೨

ಮೂರು ಗಂಟೆ. ಕೊಟ್ಟೂರಿನ ಒಂದು ಮನೆ. ಮುಂದಿನ ಕೋಣೆಯಲ್ಲಿ ಇಸಾಕಸಾಬ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಾರೆ. ಒಳಗಿನ ಕೋಣೆಯಲ್ಲಿ ಅವರ ಅಕ್ಕ ಅಕ್ತರಬಿ, ವಯಸ್ಸು ಅರವತ್ತೆರಡು, ಗೋಡೆಗೊರಗಿ ಕೂತು ಕೌದಿ ಹೊಲಿಯುತ್ತಿದ್ದಾರೆ. ಎದುರಿಗೆ ಅಕ್ಕಿ ಡಬ್ಬಿಗೆ ಒರಗಿಸಿಟ್ಟ ಫೋನು. ಫೋನಿನಲ್ಲಿ ‘ಕಿಟಕಿ’ ಎಂಬ ಆ್ಯಪ್. (ಈ ಹೆಸರು ನಾನೇ ಇಟ್ಟಿದ್ದು. ನಿಜವಾದ ಹೆಸರು ಹಾಕಿದರೆ ಅವರ ವಕೀಲರೇ ನನ್ನ ಕಥೆಯ ಮೊದಲ ಓದುಗರಾಗುತ್ತಾರೆ.) ದಿನಾ ಮೂರರಿಂದ ಮೂರೂವರೆವರೆಗೆ ಅಕ್ತರಬಿ ಲೈವ್ ಬರುತ್ತಾರೆ. ಮುಖ ತೋರಿಸುವುದಿಲ್ಲ, ಮಾತಾಡುವುದಿಲ್ಲ. ಬರೀ ಎರಡು ಕೈ. ಹಳೇ ಸೀರೆ, ಲಂಗ, ಅಂಗಿಯ ತುಂಡುಗಳ ಮೇಲೆ ಸಣ್ಣ ಸಣ್ಣ ಹೊಲಿಗೆ, ಒಂದು ಸಾಲಿನ ಪಕ್ಕ ಇನ್ನೊಂದು ಸಾಲು. ಪರದೆಯ ಮೂಲೆಯಲ್ಲಿ ಒಂದು ಕಣ್ಣಿನ ಚಿತ್ರ, ಅದರ ಪಕ್ಕ ಈಗ ಎಷ್ಟು ಜನ ನೋಡುತ್ತಿದ್ದಾರೆ ಎಂಬ ಸಂಖ್ಯೆ. ಒಂದು.

ಆ ಒಬ್ಬರು ಯಾರೆಂದು ಅಕ್ತರಬಿಗೆ ಗೊತ್ತಿಲ್ಲ. ಹೆಸರಿನ ಜಾಗದಲ್ಲಿ ಬರೀ ಅಂಕಿಗಳು, ಫೋಟೊ ಜಾಗದಲ್ಲಿ ಬೂದು ಬಣ್ಣದ ಗುಂಡು ತಲೆ. ಒಂದೂವರೆ ವರ್ಷದಿಂದ, ದಿನಾ ಲೈವ್ ಮುಗಿಯುವ ಮುಂಚೆ ಅಲ್ಲಿಂದ ಒಂದು ಕೆಂಪು ಹಾರ್ಟ್ ತೇಲಿಕೊಂಡು ಬರುತ್ತದೆ.

ಗೊತ್ತಿಲ್ಲ ಎಂದು ಬರೆದೆನಲ್ಲ, ಅದನ್ನು ಹೊಡೆದುಹಾಕಿ. ಅಕ್ತರಬಿಗೆ ಚೆನ್ನಾಗಿ ಗೊತ್ತು. ಅದು ಅವರ ಮಗಳು ಶಬ್ನಮ್. ಹದಿನೇಳು ವರ್ಷದ ಹಿಂದೆ ಮನೆ ಬಿಟ್ಟು ಹೋದವಳು. ನಂಬರಿಲ್ಲ, ವಿಳಾಸವಿಲ್ಲ, ಒಂದು ಸುದ್ದಿಯೂ ಇಲ್ಲ. ಉಳಿದಿರುವುದು ಮಧ್ಯಾಹ್ನದ ಈ ಒಂದು ಹಾರ್ಟ್.

(ಇಷ್ಟೆಲ್ಲ ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಕಥೆಗಾರನಿಗೆ ಎಲ್ಲ ಗೊತ್ತಿರುತ್ತದೆ. ಈ ಕಸುಬಿನಲ್ಲಿ ಇರುವ ಸವಲತ್ತು ಅದೊಂದೇ.)

೩

ಶಬ್ನಮ್ ಯಾಕೆ ಹೋದಳು ಎಂಬುದನ್ನು ಮೂರು ಸಲ ಬರೆದು ಮೂರು ಸಲ ಹರಿದುಹಾಕಿದೆ. ಮೊದಲನೆಯದರಲ್ಲಿ ಪ್ರೇಮವಿತ್ತು, ಎರಡನೆಯದರಲ್ಲಿ ನರ್ಸಿಂಗ್ ಕೋರ್ಸ್ ಇತ್ತು, ಮೂರನೆಯದರಲ್ಲಿ ಎರಡೂ ಇದ್ದವು. ಆಮೇಲೆ ಅಕ್ತರಬಿಯವರನ್ನು ಭೇಟಿಯಾದಾಗ ಅವರನ್ನೇ ಕೇಳಿದೆ. ಓದುವವರು ಕೇಳುತ್ತಾರೆ ಅಕ್ಕಾ, ಕಾರಣವಿಲ್ಲದೆ ಕಥೆ ನಿಲ್ಲುವುದಿಲ್ಲ ಎಂದೆ. ಅವರು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲೇ ಇಲ್ಲ.

“ಅದು ಮನಿ ಮಾತು ತಮ್ಮಾ. ಕೇಳಿದವ್ರಿಗೆ ಹೇಳು, ಅಕಿ ಹೋಗೂದ್ರಾಗ ಅಕಿ ಅವ್ವಂದೂ ಪಾಲೈತಿ ಅಂತ. ಅಷ್ಟು ಸಾಕು.”

ಅಷ್ಟು ಸಾಕಂತೆ. ನಿಮಗೆ ಸಾಲದಿದ್ದರೆ ನಾನೇನು ಮಾಡಲಿ.

೪

ಈಗ ಕೌದಿ. ಅದರ ಹುಟ್ಟನ್ನು ಹೇಳದಿದ್ದರೆ ಮುಂದಿನ ಎಡವಟ್ಟು ಅರ್ಥವಾಗುವುದಿಲ್ಲ.

ಅಕ್ತರಬಿಯವರ ಓಣಿಯ ಹೆಂಗಸರ ಬಾಯಲ್ಲಿ ಕೌದಿ ಶುರುವಾಗುವುದಿಲ್ಲ, ಹುಟ್ಟುತ್ತದೆ. ನಾಲ್ಕು ಮೂಲೆ ಹಾಸಿ, ಬಟ್ಟೆ ಪದರ ಜೋಡಿಸಿ, ಮನೆಯ ಹಿರಿಯ ಹೆಂಗಸು ಮೊದಲ ಸೂಜಿ ಇಳಿಸಿದ ದಿನವೇ ಅದರ ಹುಟ್ಟಿದ ದಿನ. ಸ್ವಂತ ಮಕ್ಕಳ ತಾರೀಖು ಮರೆತವರೂ ಇದನ್ನು ಮರೆಯುವುದಿಲ್ಲ. ಕಂಪ್ಲಿ ಹೆಂಗಸಿಗೆ ಕೊಟ್ಟ ಕೌದಿ ನನ್ನ ಎರಡನೇ ಕೌದಿಗಿಂತ ಆರು ತಿಂಗಳು ದೊಡ್ಡದು ಎಂದೆಲ್ಲ ಮಾತಾಡಿಕೊಳ್ಳುತ್ತಾರೆ. ಈ ಕೌದಿ ಹುಟ್ಟಿದ್ದು ಶಬ್ನಮ್‌ಳ ಮದುವೆಗೆಂದು, ರಂಜಾನ್ ಹಬ್ಬ ಕಳೆದ ಮೂರನೇ ದಿನ. ಅದಕ್ಕೆ ಹನ್ನೊಂದು ದಿನವಾದಾಗ ಶಬ್ನಮ್ ಮನೆಯಲ್ಲಿರಲಿಲ್ಲ. ಅಂದಿನಿಂದ ಕೌದಿ ಮುಗಿದಿಲ್ಲ. ಮುಗಿಯಲು ಬಂದಾಗಲೆಲ್ಲ ಅಕ್ತರಬಿ ಸುತ್ತ ಇನ್ನೊಂದು ಅಂಚು ಸೇರಿಸುತ್ತಾರೆ. ಈಗ ಅದನ್ನು ಪೂರ್ತಿ ಬಿಡಿಸಿ ಹಾಸಲು ಆ ಮನೆಯಲ್ಲಿ ಜಾಗವೇ ಇಲ್ಲ.

ನಾಲ್ಕು ವರ್ಷದ ಹಿಂದೆ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿ ಕಾಂತೇಶ್ ಅವರಿಗೆ ಕಿಟಕಿಯಲ್ಲಿ ಖಾತೆ ತೆರೆದುಕೊಟ್ಟ. ಇದರಲ್ಲಿ ಹಾಕಿದ್ದು ಎಲ್ಲ ಊರಿಗೂ ಕಾಣುತ್ತದೆಯೇ ಎಂದು ಅಕ್ತರಬಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಕೌದಿಯಲ್ಲಿ ಶಬ್ನಮ್‌ಳ ಸ್ಕೂಲ್ ಲಂಗದ ನೀಲಿ ತುಂಡುಗಳಿವೆ. ಎಲ್ಲಿದ್ದರೂ ಕಂಡರೆ ಗುರುತು ಹಿಡಿಯುತ್ತಾಳೆ ಎಂಬುದು ಅವರ ಲೆಕ್ಕ. ಹೆಸರೇನು ಹಾಕಲಿ ಎಂದು ಕಾಂತೇಶ್ ಕೇಳಿದ. ಕೌದಿ ಎಂದರು. ಹುಟ್ಟಿದ ತಾರೀಖು ಕೇಳಿದ. ಕೌದಿಯ ತಾರೀಖು ಹೇಳಿದರು. ಅವನು ಹಳೇ ಕ್ಯಾಲೆಂಡರ್ ಹುಡುಕಿ ರಂಜಾನ್ ಲೆಕ್ಕ ಹಾಕಿ ಅದನ್ನೇ ಒತ್ತಿದ. ಹದಿಮೂರು ತುಂಬಿದೆ, ಸ್ವಾಗತ ಎಂದಿತು ಕಿಟಕಿ.

(ಇಷ್ಟು ಓದಿ ಕಾಂತೇಶ್ ನನಗೆ ಫೋನ್ ಮಾಡಿದ. “ಸರ, ನನ್ನ ದಡ್ಡನ ಮಾಡಿ ಬರೀಬ್ಯಾಡ್ರಿ. ಫಾರಂ ಒಂದು ತಾರೀಖು ಕೇಳ್ತು, ಅಮ್ಮ ಒಂದು ತಾರೀಖು ಕೊಟ್ರು. ನಂದೇನೈತಿ ಅದ್ರಾಗ?” ಅವನ ಮಾತು ಸರಿ. ಕೂಡ್ಲಿಗಿಯಿಂದ ಹಡಗಲಿವರೆಗೆ ನನ್ನ ಓರಗೆಯವರಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ದಯಪಾಲಿಸಿದ ತಾರೀಖು ಅದು. ಆ ದಿನ ನನ್ನ ಫೋನು ಬೆಳಗಿನಿಂದ ಶುಭಾಶಯ ಹೇಳಿ ಹೇಳಿ ಸುಸ್ತಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಕ್ತರಬಿಗೆ ಆ ಜೂನ್ ಒಂದೂ ಇರಲಿಲ್ಲ.)

೫

ಅಂತೂ ನೋಟಿಸು ಬಂತು.

ಇಂಟರ್ನೆಟ್ ಕಂಪನಿಗಳಿಗೆ ಸರ್ಕಾರ ಹೊಸ ನಿಯಮ ಮಾಡಿದೆ, ಹದಿನೆಂಟು ತುಂಬದವರ ಖಾತೆಗೆ ತಂದೆಯೋ ತಾಯಿಯೋ ಒಪ್ಪಿಗೆ ಕೊಡಬೇಕು, ಕೊಟ್ಟವರು ನಿಜವಾಗಿ ದೊಡ್ಡವರೇ ಎಂದು ಪರಿಶೀಲನೆಯಾಗಬೇಕು. ಮೂವತ್ತು ದಿನದಲ್ಲಿ ಆಗದಿದ್ದರೆ ಖಾತೆಯನ್ನೂ ಅದರಲ್ಲಿರುವುದೆಲ್ಲವನ್ನೂ ಅಳಿಸಲಾಗುವುದು. “ಪ್ರೀತಿಯ ಕೌದಿ, ನಿಮ್ಮ ಪೋಷಕರನ್ನು ಕರೆತನ್ನಿ” ಎಂದು ಕೊನೆಯ ಸಾಲು.

ಕಾಂತೇಶ್ ಇದನ್ನು ಅಕ್ತರಬಿಗೆ ಓದಿ ಹೇಳಿದ. ಅವರ ತಾಯಿ ಹಗರಿಬೊಮ್ಮನಹಳ್ಳಿಯ ಖಬರಸ್ತಾನಕ್ಕೆ ಹೋಗಿ ನಲವತ್ತು ವರ್ಷವಾಗಿದೆ. ನಾನು ಒಂದು ಡ್ರಾಫ್ಟಿನಲ್ಲಿ ಆ ತಾಯಿಯನ್ನು ಎಬ್ಬಿಸಿ, ಬಸ್ ಹತ್ತಿಸಿ, ಕಾಂತೇಶನ ಅಂಗಡಿಗೆ ಕರೆತಂದೆ. ಆಕೆ ಕೌಂಟರಿನ ಮೇಲೆ ಹೆಬ್ಬೆಟ್ಟು ಇಟ್ಟು, ಇಷ್ಟಕ್ಕೇನಾ ಕರೆದಿದ್ದು ಎಂದು ಗೊಣಗುತ್ತ ವಾಪಸ್ ಹೋದಳು. ಚೆನ್ನಾಗಿತ್ತು. ಆದರೆ ಪರಿಶೀಲನೆಯಲ್ಲಿ ಪಾಸಾಗುವುದಿಲ್ಲ, ಹರಿದೆ.

ತಾರೀಖು ತಿದ್ದಿದರಾಯಿತು ಎಂದು ನಿಮಗನ್ನಿಸಬಹುದು. ಕಾಂತೇಶನಿಗೂ ಅನ್ನಿಸಿತು. ಆದರೆ ತಿದ್ದಲು ಹೋದರೆ ಕೌದಿ ಎಂಬ ಹೆಸರಿನ ಆಧಾರ್ ಕೇಳುತ್ತದೆ. ಸುಳ್ಳು ಮಾಹಿತಿಯಿಂದ ತೆರೆದ ಖಾತೆ ಎಂದು ಒಪ್ಪಿಕೊಂಡರೆ ಅಂದೇ ಅಳಿಸುತ್ತದೆ. ಇನ್ನು ಐದು ತಿಂಗಳು ಕಳೆದರೆ ಕೌದಿಗೆ ಹದಿನೆಂಟು ತುಂಬುತ್ತದೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ಇರುವುದು ಮೂವತ್ತೇ ದಿನ. ಹೊಸ ಖಾತೆ ತೆರೆಯಬಹುದು ನಿಜ. ಆ ಒಬ್ಬರಿಗೆ ಅದರ ಸುದ್ದಿ ಮುಟ್ಟಿಸುವುದು ಹೇಗೆ? ಲೈವ್‌ನಲ್ಲಿ ಬಾಯಿಬಿಟ್ಟು ಹೇಳೋಣವೆಂದರೆ ಮುಂದಿನ ಕೋಣೆಯಲ್ಲೇ ತಮ್ಮ ಕೂತಿರುತ್ತಾರೆ. ಆ ಅಂಕಿಗಳ ಖಾತೆಗೆ ಪತ್ರ ಬರೆಯಲು ಜಾಗವಿಲ್ಲ. ಆ ಖಾತೆ ನೋಡುತ್ತದೆ, ಹಾರ್ಟ್ ಕಳಿಸುತ್ತದೆ, ಅಷ್ಟೇ. ಹೀಗಾಗಿ ಖಾತೆ ಹೋದರೆ ಅಕ್ತರಬಿಯ ಪಾಲಿಗೆ ಶಬ್ನಮ್ ಎರಡನೇ ಸಲ ಹೋದಂತೆ.

೬

(ಇಲ್ಲಿ ನಿಯಮವನ್ನು ನಾಲ್ಕು ಬೈದರೆ ನಿಮಗೆ ಖುಷಿಯಾಗುತ್ತದೆಂದು ಗೊತ್ತು. ಬೈಯುವುದಿಲ್ಲ. ಅರಸೀಕೆರೆಯಲ್ಲಿ ನಮ್ಮ ಸಂಬಂಧದ ಹುಡುಗಿಯೊಬ್ಬಳಿದ್ದಾಳೆ, ಒಂಬತ್ತನೇ ಕ್ಲಾಸು. ಹೆಸರಿಲ್ಲದ ಯಾವನೋ ಒಬ್ಬ ಎಂಟು ತಿಂಗಳು ಅವಳ ಪ್ರತಿ ವಿಡಿಯೊ ನೋಡಿ, ಹಾರ್ಟ್ ಒತ್ತಿ, ಆಮೇಲೆ ಏನೇನೋ ಕೇಳಲು ಶುರು ಮಾಡಿದ್ದ. ಅವಳು ಈಗಲೂ ಫೋನ್ ರಿಂಗಾದರೆ ಬೆಚ್ಚುತ್ತಾಳೆ. ಅಂಥವನನ್ನು ಹಿಡಿಯಲು ನಿಯಮ ಬೇಕು. ಇನ್ನೂ ಬಿಗಿಯಾಗಿ ಬೇಕು. ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ಯಾಕೆಂದು ಎಂಟನೇ ಭಾಗದಲ್ಲಿ ತಿಳಿಯುತ್ತದೆ.)

೭

ನೋಟಿಸು ಬಂದ ಇಪ್ಪತ್ತೊಂದನೇ ದಿನ ನಾನು ಕೊಟ್ಟೂರಿಗೆ ಹೋದೆ. ಕಥೆಗೆ ಸಾಮಗ್ರಿ ಬೇಕಿತ್ತು ಎಂದಿಟ್ಟುಕೊಳ್ಳಿ. ಕಾಂತೇಶನ ಅಂಗಡಿಯಲ್ಲಿ ವಿಚಾರಿಸಿ, ಅವನ ಜೊತೆ ಅಕ್ತರಬಿಯ ಮನೆಗೆ ಹೋಗಿ, ನಾನು ಇಂಥ ಆ್ಯಪ್‌ಗಳ ಕನ್ನಡ ಮಾಡುವವನು, ಏನಾದರೂ ದಾರಿ ಇದೆಯೇ ನೋಡೋಣ ಎಂದೆ. ಸುಳ್ಳಲ್ಲ. ಹೊಟ್ಟೆಪಾಡಿಗೆ ನಾನು ಮಾಡುವುದು ಅದೇ ಕೆಲಸ. ‘ಒಪ್ಪುತ್ತೇನೆ’, ‘ಮುಂದುವರಿಯಿರಿ’, ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಇವೆಲ್ಲ ನನ್ನ ಕೃತಿಗಳು. ನನ್ನ ಕಥೆಗಳಿಗಿಂತ ಇವಕ್ಕೇ ಓದುಗರು ಹೆಚ್ಚು.

ದಾರಿ ಕಂಡುಹಿಡಿದದ್ದು ಮಾತ್ರ ಕಾಂತೇಶ್. ಖಾತೆ ಕೌದಿಯದು. ಕೌದಿಯನ್ನು ಹೆತ್ತವರು ಯಾರು? ಅಕ್ತರಬಿ. ಹಾಗಿದ್ದ ಮೇಲೆ ಅವರೇ ತಾಯಿಯೆಂದು ಒಪ್ಪಿಗೆ ಕೊಟ್ಟರೆ ಸುಳ್ಳೇನಿದೆ? ಅಕ್ತರಬಿಗೆ ಈ ಮಾತು ಎಷ್ಟು ಸಹಜವೆನಿಸಿತೆಂದರೆ, ಇಷ್ಟು ದಿನ ಇದನ್ನು ಯಾರೂ ಯಾಕೆ ಹೇಳಲಿಲ್ಲ ಎಂದು ಇಬ್ಬರನ್ನೂ ಬೈದರು.

ಫಾರಂ ತುಂಬಿದೆವು. ತಾಯಿಯ ಹೆಸರು, ಆಧಾರ್. ಈಗ ಓಟಿಪಿ ಬರಬೇಕು. ಬಂದದ್ದು ಇಸಾಕಸಾಬರ ಫೋನಿಗೆ. ಅಕ್ಕನ ಆಧಾರ್‌ಗೆ ಜೋಡಿಸಿದ್ದು ತಮ್ಮನ ನಂಬರು.

ಹದಿನೇಳು ವರ್ಷದ ಹಿಂದೆ, ಈ ಮನೆಯಲ್ಲಿ ಶಬ್ನಮ್ ಎಂಬ ಹೆಸರು ಯಾರೂ ಎತ್ತಕೂಡದು ಎಂದವರು ಇಸಾಕಸಾಬ. ಅಂದಿನಿಂದ ಯಾರೂ ಎತ್ತಿಲ್ಲ. ಅವರು ಎಣ್ಣೆ ಕೈಯಲ್ಲೇ ಫೋನು ಹಿಡಿದು ಒಳಗೆ ಬಂದರು. (ಮನೆಯಲ್ಲಿ ಅವರಾಡುವುದು ಉರ್ದು. ನಾನು ಕೂತಿದ್ದೇನೆಂದು ಕನ್ನಡದಲ್ಲಿ ಮಾತಾಡಿದರು, ಅಕ್ಕನನ್ನು ಕರೆಯುವ ‘ಆಪಾ’ ಮಾತ್ರ ಉರ್ದುವಿನಲ್ಲೇ ಉಳಿಯಿತು.)

“ಏನು ಆಪಾ, ನನಗ್ಯಾಕ ನಂಬರ್ ಬಂದೈತಿ? ಯಾರ ತಾಯಿ ಅಂತ ಬರಸಾಕತ್ತಿ?”

“ಕೌದಿದು,” ಎಂದರು ಅಕ್ತರಬಿ.

ಅವರು ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ಕೋಣೆ ತುಂಬ ಬಿದ್ದಿದ್ದ ಕೌದಿಯನ್ನು ನೋಡಿದರು. ಅದರಲ್ಲಿದ್ದ ನೀಲಿ ತುಂಡುಗಳು ಯಾರ ಲಂಗದವು ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಓಟಿಪಿಗೆ ಹತ್ತು ನಿಮಿಷ ಮಾತ್ರ ಬೆಲೆ. ಏಳು ನಿಮಿಷ ಅವರು ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಿಂತರು. ಆಮೇಲೆ ಕನ್ನಡಕ ಏರಿಸಿ ಒಂದೊಂದೇ ಅಂಕಿ ಓದಿದರು. ನಾಲ್ಕು. ಸೊನ್ನೆ. ಸೊನ್ನೆ. ಏಳು. ಒಂಬತ್ತು. ಒಂದು. ಕಾಂತೇಶ್ ಒತ್ತುತ್ತ ಹೋದ.

ಹೊರಗೆ ಹೋಗುವಾಗ ಇಸಾಕಸಾಬ ಬಾಗಿಲಲ್ಲಿ ನಿಂತರು. “ಅಕಿ ನೋಡಾಕತ್ತಿದ್ರ,” ಎಂದರು, ನಮಗೆ ಬೆನ್ನು ಮಾಡಿಕೊಂಡೇ, “ಮಾಮು ಅವತ್ತು ಅಂದದ್ದು ಮನಸ್ಸಿನಾಗ ಇಟ್ಕೋಬ್ಯಾಡ ಅಂತ ಹೇಳು.”

ಅಕ್ತರಬಿ ಅತ್ತರು. ನಾನು ಅದನ್ನು ಚಂದ ಮಾಡಿ ಬರೆಯುವುದಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು ಅತ್ತರು.

೮

ಪರದೆಯ ಮೇಲೆ ಹಸಿರು ಟಿಕ್ ಬಂತು. ಒಪ್ಪಿಗೆ ಸಿಕ್ಕಿದೆ, ಕೌದಿ ಉಳಿಯಿತು. ಅದರ ಕೆಳಗೆ ಇನ್ನೊಂದು ಸೂಚನೆ. ಇದು ಇನ್ನು ಅಪ್ರಾಪ್ತರ ಖಾತೆ. ಮಗುವಿನ ಸುರಕ್ಷತೆಗಾಗಿ ಅಪರಿಚಿತರಿಗೆ ಇಲ್ಲಿ ಜಾಗವಿಲ್ಲ. ಈಗ ನೋಡುತ್ತಿರುವ ಪ್ರತಿಯೊಬ್ಬರೂ ತಮ್ಮ ಸಂಬಂಧ ತಿಳಿಸಬೇಕು. ಅವರ ಉತ್ತರವನ್ನು ತಾಯಿಗೆ ತೋರಿಸಲಾಗುವುದು.

ಕಾಂತೇಶ್ ಇದನ್ನು ಓದಿದಾಗ ಅಕ್ತರಬಿಯ ಮುಖ ಅರಳಿತು. ಒಂದೂವರೆ ವರ್ಷದಿಂದ ಒಂದು ಮಾತಾಡದೆ ಬಂದು ಹೋಗುವವಳು ಈಗ ಬಾಯಿ ಬಿಡಲೇಬೇಕಲ್ಲ. ಸರ್ಕಾರವೇ ಕೇಳುತ್ತಿದೆಯಲ್ಲ, ನೀನು ಯಾರು ಎಂದು.

ಅದೇ ಹೊತ್ತಿಗೆ ನನ್ನ ಕಿಸೆಯಲ್ಲಿ ಫೋನು ನಡುಗಿತು.

ಯಾರದು ಮೆಸೇಜು ಎಂದು ಅಕ್ತರಬಿ ಸುಮ್ಮನೆ ವಿಚಾರಿಸಿದರು. ಗ್ಯಾಸಿನವರದು ಎಂದೆ. ತೆಗೆದು ನೋಡುವ ಅಗತ್ಯವಿರಲಿಲ್ಲ. ಅದರಲ್ಲಿ ಏನು ಬರೆದಿದೆ ಎಂದು ಗೊತ್ತಿತ್ತು, ಅದರ ಕನ್ನಡ ನನ್ನದೇ.

ನೀವು ನೋಡುತ್ತಿರುವ ಖಾತೆ ಅಪ್ರಾಪ್ತರದು. ಅವರಿಗೂ ನಿಮಗೂ ಇರುವ ಸಂಬಂಧವೇನು? ಸಂಬಂಧಿ. ಶಿಕ್ಷಕರು. ಇತರೆ. ‘ಇತರೆ’ ಎಂದರೆ, ಅಥವಾ ಏಳು ದಿನದೊಳಗೆ ಉತ್ತರಿಸದಿದ್ದರೆ, ನಿಮ್ಮನ್ನು ತೆಗೆದುಹಾಕಲಾಗುವುದು.

ಹೌದು. ಆ ಒಬ್ಬರು ನಾನು.

೯

ಎರಡನೇ ಭಾಗದಲ್ಲಿ ಕಥೆಗಾರನಿಗೆ ಎಲ್ಲ ಗೊತ್ತಿರುತ್ತದೆ ಎಂದಿದ್ದೆ. ಕ್ಷಮಿಸಿ, ಹಾಗೇನಿಲ್ಲ. ಸ್ವಲ್ಪ ನೋಡಿ, ಸ್ವಲ್ಪ ಕೊಟ್ಟೂರಿನಲ್ಲಿ ಕೇಳಿ ತಿಳಿದುಕೊಂಡಿದ್ದೆ.

ಒಂದೂವರೆ ವರ್ಷದ ಹಿಂದೆ ಕಿಟಕಿಯ ಕನ್ನಡ ಪರೀಕ್ಷಿಸಲು ಕಂಪನಿ ನನಗೊಂದು ಖಾತೆ ಕೊಟ್ಟಿತು. ಹೆಸರಿಲ್ಲ, ಫೋಟೊ ಇಲ್ಲ. ಅಕ್ಷರ ಸರಿಯಾಗಿ ಕಾಣುತ್ತವೆಯೇ, ಗುಂಡಿಗಳು ಕೆಲಸ ಮಾಡುತ್ತವೆಯೇ ಎಂದು ನೋಡುವುದಷ್ಟೇ ಕೆಲಸ. ಹತ್ತಿರದವರ ಲೈವ್ ಎಂಬಲ್ಲಿ ಒತ್ತಿದಾಗ ಎರಡು ಕೈಗಳು ಬಂದವು. ಹಾರ್ಟ್ ಗುಂಡಿಯನ್ನು ಪರೀಕ್ಷೆಗೆಂದು ಒತ್ತಿದೆ. ಕೈಗಳು ನಿಂತವು. ಒಂದು ಬೆರಳು ಮುಂದೆ ಬಂದು, ಪರದೆಯ ಮೇಲೆ ಆ ಹಾರ್ಟ್ ತೇಲಿಹೋದ ಜಾಗವನ್ನು ಮೆಲ್ಲಗೆ ಮುಟ್ಟಿತು.

ಮರುದಿನ ಕೆಲಸ ಮುಗಿದಿತ್ತು, ಖಾತೆ ತೆಗೆಯಬೇಕಿತ್ತು. ತೆಗೆಯಲಿಲ್ಲ. ಮೂರು ಗಂಟೆಗೆ ಕುರ್ಚಿಯಲ್ಲಿ ಕೂತೆ. ಹೊಲಿಗೆ ಸಾಲು ಸಾಲಾಗಿ ಹೋಗುತ್ತಿತ್ತು, ಹಿಂದಿನಿಂದ ಮಷಿನ್ ತಿರುಗಿಸುವ ಸದ್ದು, ಯಾವಾಗಲೋ ಒಮ್ಮೆ ಕೊಟ್ಟೂರಿನ ರೈಲು. ನನ್ನ ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನಗಳನ್ನು ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಈ ಅರ್ಧ ಗಂಟೆ ಸಿಕ್ಕ ಮೇಲೆ ಸ್ವಲ್ಪ ತಿಳಿಯಿತು. ಒಂದು ದಿನವೂ ತಪ್ಪಿಸಲಿಲ್ಲ. ಈ ಖಾತೆ ಅಳಿಸಲಾಗುವುದು ಎಂಬ ಸೂಚನೆ ನನ್ನ ಪರದೆಯ ಮೇಲೂ ಬಂದಾಗ, ಖಾತೆಯ ಪುಟದಲ್ಲಿದ್ದ ಊರಿನ ಹೆಸರು ಹಿಡಿದು ಕೊಟ್ಟೂರಿಗೆ ಹೊರಟೆ. ಆ ಕೈಗಳು ನನ್ನನ್ನು ಯಾರೆಂದುಕೊಂಡಿವೆ ಎಂದು ಕೊಟ್ಟೂರಿಗೆ ಹೋಗಿ ಕೂರುವವರೆಗೂ ನನಗೆ ತಿಳಿದಿರಲಿಲ್ಲ. ಇದನ್ನು ದಯವಿಟ್ಟು ನಂಬಿ.

ಈಗ ಆರನೇ ಭಾಗ ಇನ್ನೊಮ್ಮೆ ಓದಿ. ಹೆಸರಿಲ್ಲ, ಮುಖವಿಲ್ಲ, ಹದಿನೇಳು ವರ್ಷದ ಒಂದು ಖಾತೆಯನ್ನು ದಿನಾ ತಪ್ಪದೆ ನೋಡುವ ಐವತ್ತೊಂದು ವರ್ಷದ ಗಂಡಸು. ನಿಯಮ ಹೇಗೆ ನೋಡಿದರೂ ನನ್ನಂಥವನನ್ನು ಹೊರಗೆ ಹಾಕಲೆಂದೇ ಬಂದದ್ದು. ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ.

೧೦

ಏಳು ದಿನ. ಮುಕ್ತಾಯಗಳನ್ನು ಬರೆಯುತ್ತ ಕೂತೆ.

ಅ) ‘ಸಂಬಂಧಿ’ ಎಂದು ಒತ್ತುತ್ತೇನೆ. ಕೊಟ್ಟೂರಿನ ಮನೆಯಲ್ಲಿ ಹಬ್ಬ. ಇಸಾಕಸಾಬ ಅಂಗಡಿ ಮುಚ್ಚಿ ಸಿಹಿ ತರುತ್ತಾರೆ. ಮರುದಿನ ಎಲ್ಲಿದ್ದೀ ಬೇಟಿ ಎಂಬ ಪ್ರಶ್ನೆ ಬರುತ್ತದೆ. ನಾನು ಶಬ್ನಮ್ ಆಗಿ ಉತ್ತರ ಬರೆಯಬೇಕು. ಬರೆಯಬಲ್ಲೆ. ಚೆನ್ನಾಗಿಯೇ ಬರೆಯಬಲ್ಲೆ, ಮೂವತ್ತು ವರ್ಷದಿಂದ ಮಾಡುತ್ತಿರುವುದು ಇದನ್ನೇ. ಅದಕ್ಕೇ ನನಗೆ ನನ್ನ ಮೇಲೆ ಭಯ.

ಆ) ‘ಇತರೆ’. ಕಣ್ಣಿನ ಪಕ್ಕದ ಒಂದು ಸೊನ್ನೆಯಾಗುತ್ತದೆ. ನೀನು ಯಾರು ಎಂದು ಕೇಳಿದೊಡನೆ ಮಗಳು ಓಡಿಹೋದಳು ಎಂದು ಅವರು ತಿಳಿಯುತ್ತಾರೆ.

ಇ) ನಿಜವಾದ ಶಬ್ನಮ್ ಬರುತ್ತಾಳೆ. ಹರಿಹರದ ಕಡೆಯ ರೈಲಿನಿಂದ ಕೊಟ್ಟೂರಿನಲ್ಲಿ ಇಳಿಯುತ್ತಾಳೆ. ನಿಮಗೆ ಇದು ಬೇಕೆಂದು ಗೊತ್ತು, ನನಗೂ ಬೇಕು. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಆಕೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಮನೆಯ ಕಡೆ ಹೋಗದೆ, ನನ್ನ ಕಡೆ ತಿರುಗಿ ಕೇಳಿದಳು. “ಒಂದೂವರಿ ವರ್ಷ ನನ್ನ ಜಾಗದಾಗ ಕುಂತಾವ ನೀನಾ?” ಪೆನ್ ಕೆಳಗಿಟ್ಟೆ.

ಈ) ಹೋಗಿ ನಿಜ ಹೇಳುವುದು. ಇದನ್ನು ಬರೆಯಲಿಲ್ಲ, ಮಾಡಲು ಹೋದೆ. ನಾಲ್ಕನೇ ದಿನ ಬಸ್ ಹತ್ತಿ ಕೊಟ್ಟೂರಿನಲ್ಲಿ ಇಳಿದು, ಮನೆಯ ಮುಂದೆ ನಿಂತೆ. ಇಸಾಕಸಾಬ ಒಳಗೆ ಕರೆದು ಚಹಾ ಕೊಟ್ಟರು. ದನಿ ತಗ್ಗಿಸಿ ಹೇಳಿದರು: “ಇನ್ನೂ ಉತ್ತರ ಬಂದಿಲ್ರಿ ಸರ. ಇನ್ನ ಮೂರು ದಿನ ಐತಲ್ಲ. ಯೋಚನಿ ಮಾಡಾಕತ್ತಾಳ.” ಈಚೆಗೆ ಮೂರು ಗಂಟೆಗೆ ಅವರು ಮಷಿನ್ ಬಿಚ್ಚಿ ಹಾಕಿ ಒಳಬಾಗಿಲ ಹತ್ತಿರ ಬಂದು ನಿಲ್ಲುತ್ತಾರಂತೆ. ನಾನು ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಮಳೆ ಬೆಳೆ ಮಾತಾಡಿ ವಾಪಸ್ ಬಂದೆ.

ಹೇಡಿ ಎನ್ನಿ. ನಾನೂ ಅಂದುಕೊಂಡಿದ್ದೇನೆ.

೧೧

(ಇದು ನಿದ್ದೆಯ ಕಡೆಯಿಂದ ಬಂದದ್ದು.)

ಬಸ್‌ಸ್ಟ್ಯಾಂಡಿನಷ್ಟು ಉದ್ದದ ಒಂದು ಕಚೇರಿ. ಜೂನ್ ಒಂದಕ್ಕೆ ಹುಟ್ಟಿದವರೆಲ್ಲ ಸಾಲಿನಲ್ಲಿ ನಿಂತಿದ್ದಾರೆ, ಯಾರಿಗೂ ಅವಸರವಿಲ್ಲ. ನೆಲದ ಮೇಲೆ ನೀರಿನಂತೆ ಬೆಳಕು ಹರಡಿದೆ. ಸಾಲಿನ ಮುಂದೆ ಕೌದಿ ನಿಂತಿದೆ. ಹದಿನೇಳರ ಹುಡುಗಿಯ ಎತ್ತರ, ಅಂಚು ನೆಲಕ್ಕೆ ಎಳೆಯುತ್ತದೆ, ಹಿಂದೆ ಎಷ್ಟು ದೂರ ಎಳೆದಿದೆಯೆಂದರೆ ಅದರ ತುದಿ ಇನ್ನೂ ಕೊಟ್ಟೂರಿನಲ್ಲೇ ಇದೆ. ಗುಮಾಸ್ತ ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಹೆಸರು ಕೇಳಿದ, ಬರೆದುಕೊಂಡ. ತಾಯಿ ಯಾರು ಕೇಳಿದ, ಬರೆದುಕೊಂಡ. ನಿನ್ನನ್ನು ನೋಡಲು ಯಾರಾದರೂ ಬರುತ್ತಾರೇನಮ್ಮ ಎಂದ. ಒಬ್ಬರು ಬರುತ್ತಾರೆ ಎಂದಿತು ಕೌದಿ. ಅವರು ನಿನಗೆ ಏನಾಗಬೇಕು ಎಂದ.

ಕೌದಿ ನನ್ನ ಕಡೆ ತಿರುಗಿತು. ಮುಖವಿರಲಿಲ್ಲ, ಸಾಲು ಸಾಲು ಹೊಲಿಗೆ. ಹೆದರಿಕೆಯಾಗಲಿಲ್ಲ.

“ಗೊತ್ತಿಲ್ರಿ,” ಎಂದಿತು. “ದಿನಾ ಬರ್ತಾರ.”

ಗುಮಾಸ್ತ ಏನೋ ಬರೆದುಕೊಂಡ. ಏನು ಬರೆದ ಎಂದು ನೋಡಲು ಕತ್ತು ಚಾಚಿದೆ, ಎಚ್ಚರವಾಯಿತು. ಕೆನ್ನೆಯ ಮೇಲೆ ಬೆತ್ತದ ಕುರ್ಚಿಯ ಗುರುತು ಮೂಡಿತ್ತು.

೧೨

ಏಳನೇ ದಿನ. ಅಂದರೆ ಇವತ್ತು. ಈ ಭಾಗವನ್ನು ನಡೆಯುತ್ತಿರುವಾಗಲೇ ಬರೆಯುತ್ತಿದ್ದೇನೆ, ತಪ್ಪುಗಳಿದ್ದರೆ ಹೊಂದಿಸಿಕೊಳ್ಳಿ.

ಮೂರು ಗಂಟೆಗೆ ಕೈಗಳು ಬಂದವು. ಹತ್ತು ನಿಮಿಷ ಹೊಲಿಗೆ. ಬಾಗಿಲ ಕಡೆಯಿಂದ ಇಸಾಕಸಾಬರ ನೆರಳು ಕೌದಿಯ ಮೇಲೆ ಬಿದ್ದಿತ್ತು. ಹೊರಗಿನಿಂದ ಯಾರೋ ಗಿರಾಕಿ ಕೂಗಿದರು, ನೆರಳು ಹೋಯಿತು. ಕೈಗಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಸುಮ್ಮನಾದವು. ಆಮೇಲೆ ಪರದೆ ಅಲುಗಾಡಿತು, ಮೊದಲ ಸಲ ಮುಖ ಬಂತು. ತೀರಾ ಹತ್ತಿರ ಬಂದದ್ದರಿಂದ ಅರ್ಧ ಕನ್ನಡಕ, ಅರ್ಧ ಹಣೆ ಮಾತ್ರ ಕಾಣುತ್ತಿತ್ತು.

“ಇಸಾಕ ಹೊರಗ ಹೋಗ್ಯಾನ, ಅದಕ್ಕ ಹೇಳ್ತೀನಿ,” ಎಂದರು ಅಕ್ತರಬಿ, ಪಿಸುಮಾತಿನಲ್ಲಿ. “ನೀ ನನ್ನ ಶಬ್ನಮ್ ಅಲ್ಲ. ಮೊದ್ಲು ಹೌದು ಅನ್ಕೊಂಡಿದ್ದೆ. ಈಗ ಎಲ್ಲಾರೂ ಮಲಗಿದ ಮ್ಯಾಲ ಕುಂತು ಯೋಚನಿ ಮಾಡಿದೆ. ಒಂದಿನಾನೂ ನೀ ಸಿಟ್ಟು ಮಾಡ್ಲಿಲ್ಲ. ಹಬ್ಬದ ದಿನಾನೂ ಬಂದಿ. ಮಗಳಾದಕಿ ಹಂಗ ಬರಾಕಿ ಅಲ್ಲ. ಹಬ್ಬದ ದಿನ ಮುನಿಸ್ಕೋತಾಳ, ನಾಲ್ಕು ದಿನ ಕಾಡ್ತಾಳ, ಆಮೇಲ ಬರ್ತಾಳ. ಇಷ್ಟು ಶಾಂತ ಕುಂದ್ರೂದು ಅಕಿ ರಕ್ತದಾಗ ಇಲ್ಲ.”

ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು.

“ಇಸಾಕ ನಂಬ್ಯಾನ. ಅವಂಗ ನಾ ಹೇಳಿಲ್ಲ, ನೀನೂ ಹೇಳಬ್ಯಾಡ. ಹದಿನೇಳು ವರ್ಷದ ಮ್ಯಾಲ ಅವ ಅಕೀ ಸುದ್ದಿ ಎತ್ಯಾನ, ಎತ್ತಲಿ. ನೀ ಯಾರೋ, ಎಲ್ಲೀವ್ರೋ. ನಾ ಕೇಳೂದಿಲ್ಲ, ಸರಕಾರದವ್ರು ಕೇಳ್ಕೊಳ್ಳಿ. ದಿನಾ ಈ ಹೊತ್ತಿನಾಗ ಬಂದು ಕುಂದ್ರತೀಯಲ್ಲ, ಅದಕ್ಕ ಕೇಳ್ತೀನಿ. ಉಂಡು ಬರ್ತೀಯೋ ಹಂಗ ಬರ್ತೀಯೋ? ಊಟಾ ಆತೇನು?”

ಮುಖ ಹಿಂದೆ ಸರಿಯಿತು. ಆದರೆ ಕೈಗಳು ಸೂಜಿಯನ್ನು ಮತ್ತೆ ಹಿಡಿದಿಲ್ಲ. ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕಾಯುತ್ತಿವೆ.

ಈಗ ಮೂರು ಇಪ್ಪತ್ತೆಂಟು. ಉತ್ತರ ಬರೆಯುವ ಜಾಗಕ್ಕೆ ಬೀಗ ಬಿದ್ದಿದೆ. ಸಂಬಂಧ ತಿಳಿಸಿದ ಮೇಲೆ ತೆರೆಯುತ್ತದೆ ಎಂದು ನನ್ನದೇ ಕನ್ನಡದಲ್ಲಿ ಬರೆದಿದೆ. ಮೂರೇ ಗುಂಡಿಗಳು, ಮೂರರಲ್ಲಿ ಯಾವುದೂ ನಾನಲ್ಲ. ಕಥೆ ಮುಗಿಸಿ ಎನ್ನುತ್ತೀರಿ ನೀವು. ಸ್ವಲ್ಪ ತಡೆಯಿರಿ, ಒಬ್ಬರು ನನ್ನನ್ನು ಊಟವಾಯಿತೇ ಎಂದು ಕೇಳಿದ್ದಾರೆ. ಎಷ್ಟು ವರ್ಷವಾಯಿತೋ ಯಾರಾದರೂ ಕೇಳಿ. ಬಾಗಿಲ ಹತ್ತಿರ ಮತ್ತೆ ನೆರಳು ಬಂದಿದೆ.

ಆಗಿಲ್ಲ ಅಕ್ಕಾ. ನಾನಿನ್ನೂ ಉಂಡಿಲ್ಲ.